ಅವ್ವನ ಮಜ್ಜಿಗೆಯ ಇಂಗು

ನನ್ನ ತಂಗಿಗೆ ಗೋಧಿ ಆಗುತ್ತಿರಲಿಲ್ಲ. ಅದು ನಮಗೆ ತಿಳಿಯುವಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು; ನೋಡಿದವರು ಹನ್ನೆರಡು ಎನ್ನುತ್ತಿದ್ದರು. ತಿಳಿದ ಮೇಲೆ ಎರಡು ವರ್ಷ ಇದ್ದಳು. ತೊಂಬತ್ತರ ದಶಕದ ಆ ಎರಡು ವರ್ಷ ಶಿಕಾರಿಪುರದ ನಮ್ಮ ಅಡುಗೆಮನೆಯಲ್ಲಿ ಏನೇನು ಬೇಯಿಸಿದೆವು ಎಂದು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಬರೆದದ್ದೆಲ್ಲ ಒಂದು ಚೆಂದದ ಅಡುಗೆ ಪುಸ್ತಕವಾಗಿಬಿಡುತ್ತದೆ. ಮಳೆಗಾಲಕ್ಕೆ ಇಂಥದ್ದು, ಚಳಿಗೆ ಇಂಥದ್ದು ಎಂದು ನೆನಪು ತಾನೇ ಸಾಲು ಹಚ್ಚಿ ಕೊಡುತ್ತದೆ. ನಿಜಕ್ಕೂ ಹೆಚ್ಚಿನ ದಿನ ಇದ್ದದ್ದು ಬರೀ ಅನ್ನ, ಸಾರು. ಅದೂ ಅವಳ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು.

ಹೊಟ್ಟೆ ಸರಿಯಿಲ್ಲದವರಿಗೆ ನಮ್ಮ ಕಡೆ ಕೊಡುವುದೇ ರವೆ ಗಂಜಿ, ಬ್ರೆಡ್ಡು, ಎಣ್ಣೆ ಹಚ್ಚದ ಚಪಾತಿ. ಚಿಕ್ಕಂದಿನಿಂದ ಅವಳಿಗೆ ಅದನ್ನೇ ಕೊಟ್ಟಿದ್ದೆವು. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಗೋಧಿ ಬಿಡಿಸ್ರಿ. ಮೈದಾ, ರವೆ, ಶ್ಯಾವಿಗೆ, ಬಿಸ್ಕತ್ತು, ಯಾವುದೂ ಬ್ಯಾಡ. ಇನ್ನೇನು ಬೇಕಾದ್ರೂ ಕೊಡ್ರಿ" ಎಂದರು. ಅವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತು, "ನಾವೇ ಉಣ್ಸಿದ್ವಲ್ರೀ" ಎಂದು ಅಪ್ಪನಿಗೆ ಹೇಳಿದಳು. ಆ ಮೆಟ್ಟಿಲು, ಅವ್ವನ ಸೆರಗು, ಎಲ್ಲ ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ದಿನ ನಾನು ದಾವಣಗೆರೆಗೆ ಹೋಗಿರಲಿಲ್ಲ. ಸೊರಬದ ನನ್ನ ಗಂಡನ ಮನೆಯಲ್ಲಿದ್ದೆ.

ಅವ್ವ ಮನೆಯಿಂದಲೇ ಗೋಧಿಯನ್ನು ಹೊರಗೆ ಹಾಕಿದಳು. ಡಬ್ಬ ಪಕ್ಕದ ಮನೆಗೆ ಹೋಯಿತು. ಲಟ್ಟಣಿಗೆ, ಮಣೆ ಹೊಸವು ಬಂದವು. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಹಾಕಿದರೆ ಮೊದಲ ಹಿಡಿ ಹಿಟ್ಟಿನಲ್ಲಿ ಗೋಧಿಯೂ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ, ಅವಳಿಗೇ ಹೊಳೆಯಿತು. ಅಟ್ಟದಿಂದ ಬೀಸುಕಲ್ಲು ಇಳಿಸಿಕೊಂಡು ಜೋಳ, ರಾಗಿ, ಅಕ್ಕಿ ಮೂರನ್ನೂ ತಾನೇ ಬೀಸತೊಡಗಿದಳು. ಚಪಾತಿಯಿಲ್ಲದೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ತಿಂದು, ಕೈತೊಳೆದು ಬರುತ್ತಿದ್ದರು. ಅವ್ವ ಬಾಗಿಲಲ್ಲೇ ಅವರ ಕೈ ಹಿಡಿದು ಮೂಸುತ್ತಿದ್ದಳು.

"ಪೊಲೀಸ್ ಕೆಲ್ಸಕ್ಕೆ ಸೇರ್ಬೇಕಿತ್ತು ನಿಮ್ಮವ್ವ" ಎಂದು ಅಪ್ಪ ನಗುತ್ತಿದ್ದರು.

"ಇನ್ನೊಂದ್ಸಲ ತೊಳ್ಕಂಡು ಬರ್ರಿ. ಆಮ್ಯಾಲೆ ನಗ್ರಿ."

ನಾನು ಸೊರಬದಿಂದ ಬರುವಾಗ ಚೀಲ ತುಂಬ ತರುತ್ತಿದ್ದೆ. ಮಳೆ ಹಿಡಿದ ಮೇಲೆ ಎಳೆಬಿದಿರಿನ ಕಳಲೆ, ಕೆಸುವಿನ ಎಲೆ; ಬೇಸಗೆಯಲ್ಲಿ ಹಲಸು. ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿ ಪಲ್ಯ ಮಾಡುವುದು, ಹಲಸಿನ ಹಣ್ಣಿಗೆ ಅಕ್ಕಿತರಿ, ಬೆಲ್ಲ ಸೇರಿಸಿ ಬಾಳೆಯೆಲೆಯಲ್ಲಿ ಕಡುಬು ಬೇಯಿಸುವುದು, ಇವೆಲ್ಲ ನಾನು ಗಂಡನ ಮನೆಯಲ್ಲಿ ಕಲಿತವು. ಚಳಿಗಾಲಕ್ಕೆ ಅವ್ವನದೇ ಜೋಳದ ರೊಟ್ಟಿ, ಅವರೆಕಾಳಿನ ಸಾರು. ಯುಗಾದಿಗೆ ಹೋಳಿಗೆ ಮಾಡುವುದು ಮಾತ್ರ ಕಷ್ಟವಾಯಿತು. ಅಕ್ಕಿಹಿಟ್ಟನ್ನು ಕುದಿನೀರಲ್ಲಿ ಬೇಯಿಸಿ ನಾದಿದರೂ ಹೂರಣ ತಡೆಯದೆ ಹೆಂಚಿನ ಮೇಲೆ ಒಡೆಯುತ್ತಿತ್ತು.

"ಅವ್ವ, ಇದು ಹೋಳಿಗಿ ಅಲ್ಲ, ನಕಾಶೆ. ಇಲ್ನೋಡು, ಶ್ರೀಲಂಕಾ ಬ್ಯಾರೆ ಬಿತ್ತು" ಎಂದಳು ತಂಗಿ. ಶ್ರೀಲಂಕಾವನ್ನು ಮೊದಲು ತಿಂದಳು.

ಹಬ್ಬಕ್ಕೆ ಬಂದಿದ್ದ ದೊಡ್ಡಮ್ಮ, "ಹೋಳಿಗಿ ತಿನ್ನದ ಹುಡುಗಿನ ಯಾವ ಮನಿಗೆ ಕೊಡ್ತೀಯೇ?" ಎಂದು ಅವ್ವನನ್ನು ಕೇಳಿದಾಗಲೂ ಉತ್ತರ ಕೊಟ್ಟದ್ದು ತಂಗಿಯೇ. "ಸೊರಬಕ್ಕೆ ಕೊಡ್ರಿ ದೊಡ್ಡವ್ವ. ಅಲ್ಲಿ ಮೂರು ಹೊತ್ತೂ ಅನ್ನ ತಿಂತಾರೆ. ಬೇಕಾದ್ರೆ ಅಕ್ಕನ್ನ ಕೇಳ್ರಿ."

ಮೊದಲ ವರ್ಷ ಅವಳಿಗೆ ಮೈ ಬಂತು. ಕೆನ್ನೆ ತುಂಬಿತು, ಹಳೆಯ ರವಿಕೆಗಳು ಬಿಗಿಯಾದವು. ಎರಡನೆಯ ವರ್ಷ ಮತ್ತೆ ಹೊಟ್ಟೆ ಉಬ್ಬರ, ಮತ್ತೆ ಭೇದಿ. ಯಾವ ತಿಂಗಳಲ್ಲಿ ಶುರುವಾಯಿತು ಎಂದು ಕೇಳಿದರೆ ಅವ್ವ ಒಂದು ಹೇಳುತ್ತಿದ್ದಳು, ಅಪ್ಪ ಇನ್ನೊಂದು. ನನ್ನ ನೆನಪಿನಲ್ಲಿ ಅದು ಯುಗಾದಿಯ ಮಾರನೆಯ ದಿನವೇ. ಆದರೆ ನನಗೆ ಅದರಲ್ಲಿ ನಂಬಿಕೆಯಿಲ್ಲ.

ಉಬ್ಬರಕ್ಕೆ ಇಂಗು ಎಂದು ಅವ್ವನಿಗೆ ಯಾರೂ ಕಲಿಸಬೇಕಿರಲಿಲ್ಲ. ನೀರು ಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಡಬ್ಬಿಯ ಇಂಗು ಒಂದು ಚಿಟಿಕೆ. ಹೊಕ್ಕುಳ ಸುತ್ತ ಅದೇ ಇಂಗು ಕಲಸಿ ಹಚ್ಚುತ್ತಿದ್ದಳು. ಹೊಟ್ಟೆ ಹೆಚ್ಚು ಉಬ್ಬಿದಷ್ಟೂ ಚಿಟಿಕೆ ದೊಡ್ಡದಾಯಿತು, ದಿನಕ್ಕೆರಡು ಲೋಟ ಇದ್ದದ್ದು ಐದಾರಾಯಿತು. ತಂಗಿಗೂ ಬಾಯಿಗೆ ಹಿತವಾಗಿದ್ದದ್ದು ಅದೊಂದೇ. "ಅವ್ವ, ಮಜ್ಜಿಗಿ ಕೊಡು. ಇಂಗು ಮುಂದಿರ್ಲಿ" ಎಂದು ಕೇಳಿ ಕುಡಿಯುತ್ತಿದ್ದಳು.

ಮತ್ತೆ ದಾವಣಗೆರೆಗೆ ಕರೆದುಕೊಂಡು ಹೋದಾಗ ನಾನೂ ಇದ್ದೆ. ಗೋಧಿ ಎಲ್ಲಾದರೂ ಹೊಟ್ಟೆಗೆ ಹೋಗಿದೆಯೇ ಎಂದು ಡಾಕ್ಟರು ಎರಡೆರಡು ಸಲ ಕೇಳಿದರು. ಅವ್ವ ಕೊರಳಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡಳು. "ಲಿಂಗ ಮುಟ್ಟಿ ಹೇಳ್ತೀನ್ರೀ, ಒಂದು ಕಾಳೂ ಮನಿ ಒಳಗೆ ಬಂದಿಲ್ಲ." ಡಾಕ್ಟರು ಔಷಧಿ ಬದಲಿಸಿದರು. ಶ್ರಾವಣ ಮುಗಿಯುವ ಹೊತ್ತಿಗೆ ಜ್ವರ ಬಂತು. ಯಾರಿಗಾದರೂ ಬಂದು ಹೋಗುವ ಜ್ವರ. ಅವಳಲ್ಲಿ ತಡೆಯುವ ಶಕ್ತಿಯಿರಲಿಲ್ಲ. ನಾಲ್ಕನೆಯ ದಿನ ಹೋದಳು.

ಅವಳು ಹೋದ ಮೇಲೆ ಅವ್ವನಿಗೆ ಒಂದು ಉತ್ತರ ಬೇಕಿತ್ತು. ಸಿಕ್ಕಿದ್ದು ಅಪ್ಪನ ಕೈ. ಹೋಟೆಲಿನ ಚಪಾತಿ ಮುಟ್ಟಿದ ಕೈಯಲ್ಲೇ ಮಗಳಿಗೆ ಮಾತ್ರೆ ಕೊಟ್ಟಿರಿ, ಅನ್ನ ಕಲಸಿದಿರಿ ಎಂದು ಮೊದಮೊದಲು ಅಳುತ್ತ ಹೇಳಿದಳು. ಆಮೇಲೆ ಬಂದವರ ಮುಂದೆ ಹೇಳಿದಳು. ಆಮೇಲೆ ಹೇಳುವುದನ್ನೂ ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು, ಅಪ್ಪ ಒಬ್ಬರೇ ಉಣ್ಣುತ್ತಿದ್ದರು. ಒಮ್ಮೆಯೂ ಎದುರಾಡಲಿಲ್ಲ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಸೊರಬದ ಅಂಗಡಿಯಲ್ಲಿ ನಾನು ಇಂಗು ಕೇಳಿದೆ. ಹೋದ ಸಲದ್ದರಲ್ಲಿ ವಾಸನೆಯೇ ಇರಲಿಲ್ಲ ಎಂದೆ.

"ವಾಸನೆ ಎಲ್ಲಿಂದ ಬರ್ತದೆ ಅಕ್ಕಾರೆ? ಅರ್ಧಕ್ಕರ್ಧ ಗೋಧಿ ಹಿಟ್ಟು ಅದು" ಎಂದ ಅಂಗಡಿಯವ ನಕ್ಕು, "ಬೇಕಾದ್ರೆ ಲಟ್ಟಿಸಿ ನೋಡಿ, ಚಪಾತಿ ಆಗ್ತದೆ" ಎಂದ.

"ಎಲ್ಲ ಡಬ್ಬಿಲೂನಾ?"

"ಪುಡಿ ಇಂಗು ಅಂದ್ರೆ ಹಾಗೇ. ಹಿಟ್ಟು ಬೆರೆಸದೆ ಬಾಯಿಗೆ ಇಡೋಕಾಗ್ತದಾ ಮಾರಾಯ್ರೆ? ಕೆಲವರು ಅಕ್ಕಿಹಿಟ್ಟು ಹಾಕ್ತಾರೆ, ಸುಮಾರು ಜನ ಗೋಧಿ. ಬರೆದಿರ್ತದೆ ನೋಡಿ."

ಬರೆದಿತ್ತು. ಡಬ್ಬಿಯ ಬೆನ್ನಿಗೆ, ಇರುವೆಯಂಥ ಅಕ್ಷರದಲ್ಲಿ. ಶಿಕಾರಿಪುರದ ಮನೆಯಲ್ಲಿದ್ದದ್ದೂ ಅದೇ ಗುರುತಿನ ಡಬ್ಬಿ.

ಎರಡು ತಿಂಗಳು ಸುಮ್ಮನಿದ್ದೆ. ಹೇಳಿದರೆ ಅಪ್ಪನ ಮೇಲಿನ ಹೊರೆ ಇಳಿಯುತ್ತದೆ, ಅವ್ವ ಉಳಿಯುವುದಿಲ್ಲ. ಹೇಳದಿದ್ದರೆ ಅಪ್ಪ ಹಾಗೇ ಒಬ್ಬರೇ ಉಣ್ಣುತ್ತಾರೆ. ಅವಳು ಹೋದದ್ದು ಇಂಗಿನಿಂದಲೇ ಎಂದು ಹೇಳಲು ನಾನು ಯಾರು? ಚಿಟಿಕೆಯಲ್ಲಿ ಎಷ್ಟು ಗೋಧಿ ಇರುತ್ತದೆ, ಎಷ್ಟಾದರೆ ಕೆಡುಕು, ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕೊನೆಗೆ ಹೇಳಿದ್ದು ಅಪ್ಪನಿಗಾಗಿ ಎಂದು ಬಹಳ ದಿನ ಅಂದುಕೊಂಡಿದ್ದೆ. ಒಬ್ಬಳೇ ಹೊತ್ತುಕೊಂಡಿರಲು ನನ್ನಿಂದ ಆಗಲಿಲ್ಲ, ಅಷ್ಟೇ ಇದ್ದೀತು.

ಶಿಕಾರಿಪುರಕ್ಕೆ ಹೋದ ದಿನ ಮಧ್ಯಾಹ್ನ ಅವ್ವ ಒಲೆಯ ಮುಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹೇಳಿದೆ. ಅವಳು ಕೈ ಒರೆಸಿಕೊಂಡು ಎದ್ದು ಡಬ್ಬಿ ತೆಗೆದಳು. ಅಂಗೈಗೆ ಸ್ವಲ್ಪ ಸುರಿದುಕೊಂಡು ನಾಲಿಗೆಗೆ ಇಟ್ಟಳು. ಇನ್ನೊಂದಿಷ್ಟು ಇಟ್ಟಳು. ಕಣ್ಣಲ್ಲಿ ನೀರು ಬಂದದ್ದು ಘಾಟಿಗೋ ಏನೋ.

"ಗೋಧಿ ಗೊತ್ತಾಗದಿಲ್ಲಲ್ಲೇ. ನೀನು ನೋಡು."

ನಾನೂ ನಾಲಿಗೆಗೆ ಇಟ್ಟೆ. ಕಹಿ, ಉರಿ. "ಇಲ್ಲವ್ವ, ನನಗೂ ಗೊತ್ತಾಗದಿಲ್ಲ."

"ಮತ್ತೆ ಕಾಳು ಬಂದಿಲ್ಲ ಅಂದೆನಲ್ಲ" ಎಂದಳು. ಕೈ ಕೊರಳಿಗೆ ಹೋಗಿ, ಕರಡಿಗೆ ಮುಟ್ಟದೆ ಕೆಳಗಿಳಿಯಿತು. "ಅದೊಂದೇ ಕೇಳಿ ಕುಡೀತಿದ್ಲು."

ಅಲ್ಲಿ ನಿಲ್ಲಲಾರದೆ ನಾನು ಹೊರಗೆ ಬಂದೆ. ಅಪ್ಪ ಜಗುಲಿಯಲ್ಲಿದ್ದರು. ಇಂಗು, ಹಿಟ್ಟು, ಅಂಗಡಿ ಎಂದು ಹಿಂದುಮುಂದಾಗಿ ಹೇಳಿ, "ನಿಮ್ಮ ಕೈಯಿಂದ ಅಲ್ಲ ಅಪ್ಪ" ಎಂದೆ. ಅವರ ಮುಖ ಹಗುರಾಗುತ್ತದೆ ಎಂದು ಕಾದೆ. ಅವರು ಬಗ್ಗಿ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ನಿಮ್ಮವ್ವಗೆ ಹೇಳ್ಬ್ಯಾಡವ್ವ. ನನ್ನ ಮ್ಯಾಲೇ ಇರ್ಲಿ ಅದು."