ಮೂರು ಸಾಲು ಚುಕ್ಕೆ

ಒಡಹುಟ್ಟಿದ ತಮ್ಮ ಕಾರ್ ರೇಸಿನಲ್ಲಿ ಸತ್ತ ಮೇಲೆ ಲೇತ್ ಮೇಸ್ತ್ರಿ ಇಪ್ಪತ್ತೆರಡು ವರ್ಷ ಒಂದೇ ಮಾತು ಹೇಳಿಕೊಂಡು ಬಂದಿದ್ದ: ಅವನಿಗೆ ಅವಸರ, ತಿರುವಿನಲ್ಲೂ ವೇಗ ತಗ್ಗಿಸಲಿಲ್ಲ. ತಮ್ಮನ ಹೆಂಡತಿಯ ಎದುರಿಗೂ ಅದನ್ನೇ ಹೇಳಿದ್ದ.

ತಮ್ಮ ಸತ್ತಂದಿನಿಂದ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದ್ದ ಅವನ ಕಾರನ್ನು ಈಗ ಕೊಂಡವನು ರಿಪೇರಿಗೆಂದು ಇವನ ಶೆಡ್ಡಿಗೇ ತಂದ. ಮೇಸ್ತ್ರಿ ಮುಂದಿನ ಸಸ್ಪೆನ್ಷನ್ ಬಿಚ್ಚಿ, ಚಕ್ರದ ಬೇರಿಂಗ್ ಕೂರುವ ಮನೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ಒಳಗೋಡೆಯ ಸುತ್ತ ಚೂಪು ಮೊನೆಯ ಪಂಚಿನಿಂದ ಹೊಡೆದ ಚುಕ್ಕೆ, ಮೂರು ಸಾಲು.

ಮನೆ ಸವೆದು ಬೇರಿಂಗ್ ಸಡಿಲವಾದರೆ ಅದನ್ನು ಕೊರೆದು ಹೊಸ ಬುಷ್ ಬಳೆ ಕೂರಿಸಬೇಕು. ಅದಕ್ಕೆ ಒಂದು ದಿನ ಹಿಡಿಯುತ್ತದೆ. ಪುರುಸೊತ್ತಿಲ್ಲದವರು ಹೀಗೆ ಚುಕ್ಕೆ ಹೊಡೆದು ಲೋಹವನ್ನು ಉಬ್ಬಿಸಿ, ಬಿಗಿಯಾಯಿತೆಂದು ಕೈತೊಳೆದುಕೊಳ್ಳುತ್ತಾರೆ. ನಾಲ್ಕು ಸುತ್ತು ಓಡುವಷ್ಟರಲ್ಲಿ ಉಬ್ಬು ಸವೆದುಹೋಗುತ್ತದೆ, ತಗ್ಗು ಮಾತ್ರ ಉಳಿದು, ತಿರುವಿನಲ್ಲಿ ಚಕ್ರ ಅಲುಗಾಡುತ್ತದೆ. ಈ ತಗ್ಗುಗಳೆಲ್ಲ ಎಡಕ್ಕೆ ವಾಲಿದ್ದವು. ತಮ್ಮನ ಕಾಲದಲ್ಲಿ ಆ ಕಾರನ್ನು ರಿಪೇರಿಗೆ ಮುಟ್ಟುತ್ತಿದ್ದವರಲ್ಲಿ ಎಡಚ ಮೇಸ್ತ್ರಿಯೊಬ್ಬನೇ.

“ಯಾವ ಪುಣ್ಯಾತ್ಮನ ಕೆಲಸ ಮೇಸ್ತ್ರಿ ಇದು?” ಎಂದು ಕಾರಿನ ಮಾಲೀಕ ಇಣುಕಿ ನೋಡಿದ.

ಮೇಸ್ತ್ರಿ ಬೇರಿಂಗ್ ಮನೆಯನ್ನು ಲೇತಿಗೆ ಕಟ್ಟಿ ಕೊರೆಯತೊಡಗಿದ. ಚುಕ್ಕೆಗಳು ಒಂದೊಂದಾಗಿ ಚೂರಾಗಿ ತಟ್ಟೆಗೆ ಬಿದ್ದವು. ಕೊನೆಯ ಸಾಲೂ ಅಳಿದ ಮೇಲೆ ಅವನು ಬಾಯಿಬಿಟ್ಟ.

“ಯಾರೋ, ಅವಸರದಲ್ಲಿದ್ದೋನು.”