ಕೇಸರಿಬಾತಿನ ಮೇಲೆ ಪಡೆದ ಹೇಳಿಕೆಗಳು

ಒಬ್ಬ ಮನುಷ್ಯನ ನಡತೆಯನ್ನು ತೂಗಿ, ಅವನು ಸೆರೆಮನೆಗೆ ಹೋಗಬೇಕೋ ತನ್ನ ಮನೆಗೆ ಹೋಗಬೇಕೋ ಎಂದು ನ್ಯಾಯಾಲಯಕ್ಕೆ ಅರಿಕೆ ಮಾಡುವುದು ನಾಗರಿಕ ಸಮಾಜವೊಂದು ತನ್ನ ನೌಕರನಿಗೆ ಒಪ್ಪಿಸಬಹುದಾದ ಅತ್ಯಂತ ಗಂಭೀರ ಹೊಣೆ. ಈ ಹೊಣೆಯನ್ನು ಹೊರಲು ಸರ್ಕಾರ ನನಗೆ ಒಂದು ಬೀರು, ಎರಡು ಕುರ್ಚಿ ಕೊಟ್ಟಿತ್ತು. ಒಂದು ಕುರ್ಚಿಗೆ ಕೈಗಳಿರಲಿಲ್ಲ.

ಕೊರೊನಾ ತಣ್ಣಗಾದ ಮರುವರ್ಷದ ಮಾತು. ನಾನು ಪ್ರೊಬೇಷನ್ ಆಫೀಸರ್ ಆಗಿದ್ದೆ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪ್ರೊಬೇಷನ್ ಎಂದರೆ ಏನೆಂದು ನನ್ನ ಸ್ವಂತ ಮಾವನವರಿಗೇ ಕೊನೆಯವರೆಗೂ ಅರ್ಥವಾಗಲಿಲ್ಲವಾದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ. ಮೊದಲ ಸಲ ಸಣ್ಣ ತಪ್ಪು ಮಾಡಿ ಸಿಕ್ಕಿಬಿದ್ದವನನ್ನು ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆ ಬಿಡಬಹುದೇ ಎಂದು ತಿಳಿಯಲು ಪ್ರೊಬೇಷನ್ ಆಫೀಸರು ಅವನ ಮನೆಗೆ, ಬೀದಿಗೆ ಹೋಗಿ ವಿಚಾರಿಸಿ ವರದಿ ಕೊಡಬೇಕು. ಕಾನೂನಿನ ಪ್ರಕಾರ ಆ ವರದಿ ಗೋಪ್ಯ. ವಿಚಾರಣೆ ನಡೆಯುವುದು ಮಾತ್ರ ನಲ್ಲಿಯ ಮುಂದೆ, ಊರೆಲ್ಲ ನೋಡುವಂತೆ. ಇದನ್ನು ಮೇಲಿನವರ ಗಮನಕ್ಕೆ ತಂದಿದ್ದೆ. ಅವರು ಗಮನಿಸಿದರು.

ಆ ವರ್ಷ ನನ್ನ ಕೈಕೆಳಗೆ ಫೀಲ್ಡ್ ವರ್ಕ್ ಮಾಡಲು ಚಂದ್ರಕಲಾ ಎಂಬ ಹುಡುಗಿ ಬಂದಳು. ಊರು ಮೂಗೂರು. ತಂದೆ ಬಸ್ ಕಂಡಕ್ಟರ್. ಮೈಸೂರಿನಲ್ಲಿ ಕ್ರಿಮಿನಾಲಜಿ ಅಂಡ್ ಕ್ರಿಮಿನಲ್ ಜಸ್ಟಿಸ್ ಎಂ.ಎ. ಕೊನೆಯ ಸೆಮಿಸ್ಟರ್. ಈ ಕೋರ್ಸಿಗೆ ಸೇರಿದ ದಿನ ಅವಳ ತಂದೆ ಕೇಳಿದ್ದರಂತೆ, "ಓದಿ ಪೊಲೀಸ್ ಆಗ್ತೀಯಾ?" ಇಲ್ಲ ಎಂದಳಂತೆ. "ಲಾಯರ್ರಾ?" ಅದೂ ಇಲ್ಲ. "ಮತ್ತೆ ಕಳ್ಳರ ಕಡೆಯಿಂದ ಓದ್ತಾ ಇದೀಯೇನವ್ವಾ?" ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ ಸಾರ್ ಎಂದು ನನಗೆ ಹೇಳಿದಳು. ಅವಳ ಡಿಸರ್ಟೇಶನ್, ಅಂದರೆ ಪದವಿಗೆ ಬರೆಯಬೇಕಾದ ಪ್ರಬಂಧದ ವಿಷಯ, ಪ್ರೊಬೇಷನ್ ವರದಿಗಳಲ್ಲಿ ನೆರೆಹೊರೆಯವರ ಅಭಿಪ್ರಾಯದ ಪಾತ್ರ. ಕೈಯಿಲ್ಲದ ಕುರ್ಚಿಯನ್ನು ಅವಳಿಗೆ ಕೊಟ್ಟೆ.

ಅವಳು ಬಂದ ವಾರವೇ ನರಸೀಪುರದ ಕೋರ್ಟಿನಿಂದ ಸಿದ್ದರಾಜುವಿನ ಕೇಸು ಬಂತು. ಹೆಸರು ಬದಲಿಸಿದ್ದೇನೆ. ಇಪ್ಪತ್ತಮೂರು ವಯಸ್ಸು. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ, ಅಲ್ಲೇ ಹಿಂದಿನ ರೂಮಿನಲ್ಲಿ ವಾಸ. ಒಂದು ದಿನ ಮಾಲೀಕನ ತಂತಿಯ ಸುರುಳಿಗಳನ್ನು ಗುಜರಿಗೆ ಮಾರಿ ಹೊಸ ಮೊಬೈಲ್ ಕೊಂಡ. ಆ ಮೊಬೈಲಿನಲ್ಲಿ ಮೊದಲು ಬಂದ ಕರೆ ಪೊಲೀಸ್ ಠಾಣೆಯದು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಜಾಮೀನಿನ ಮೇಲೆ ಊರಿಗೆ ಬಂದಿದ್ದ. ಜೈಲೋ ಬಾಂಡೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು.

ಅವನ ಊರು ಹೆಡತಲೆಯ ಆಚೆ. ಅದರ ಹೆಸರು ಬೇಡ. ನಾನು ಬಿಳಿ ಪಂಚೆ, ಬಿಳಿ ಷರಟಿನವನು. ದಾರಿಯಲ್ಲಿ ನಂಜನಗೂಡಿನಲ್ಲಿ ರಸಬಾಳೆ ಕಂಡು ಮನೆಗೆಂದು ಒಂದು ಚಿಪ್ಪು ಕೊಂಡು ಚೀಲದಲ್ಲಿಟ್ಟುಕೊಂಡಿದ್ದೆ. ಜೊತೆಯಲ್ಲಿ ಚೂಡಿದಾರ ತೊಟ್ಟ, ತಲೆ ತಗ್ಗಿಸಿ ಬರೆದುಕೊಳ್ಳುವ ಹುಡುಗಿ. ಈ ವಿವರಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಸಿದ್ದರಾಜು ಮನೆಯಲ್ಲಿರಲಿಲ್ಲ. ತಾಯಿ ಮಾದೇವಮ್ಮ, ಗಂಡನಿಲ್ಲದ ಹೆಂಗಸು, ಕೂಲಿ ಮಾಡಿ ಮಗನನ್ನು ಐ.ಟಿ.ಐ. ಓದಿಸಿದವಳು, ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಕೇಸರಿಬಾತು ತಂದಿಟ್ಟಳು. ನನ್ನ ಸೇವೆಯಲ್ಲಿ ಆರೋಪಿಯ ಮನೆಯಲ್ಲಿ ಕೇಸರಿಬಾತು ತಿಂದದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು. ಎರಡನೇ ಸಲ ಬಡಿಸಿದಾಗ ಗೋಡಂಬಿ ಬಂತು, ಅನುಮಾನ ಬರಲಿಲ್ಲ.

ಆಮೇಲೆ ಬೀದಿಗೆ ಇಳಿದೆವು. ವರದಿ ಗೋಪ್ಯವಾದ್ದರಿಂದ ಯಾವ ಕಡೆಯವರೆಂದು ಹೇಳಿಕೊಳ್ಳುವ ವಾಡಿಕೆ ನನಗಿರಲಿಲ್ಲ. ಚಂದ್ರಕಲಾ ಪಠ್ಯಪುಸ್ತಕದ ಪ್ರಕಾರ ಪ್ರಶ್ನೆ ಕೇಳಿದಳು. ಹುಡುಗ ಹೇಗೆ, ಕುಡಿಯುತ್ತಾನೆಯೇ, ತಾಯಿಯ ಮಾತು ಕೇಳುತ್ತಾನೆಯೇ, ಸಹವಾಸ ಎಂಥದು, ಜಮೀನು ಇದೆಯೇ. ಎದುರುಮನೆಯ ಶಿವಣ್ಣ, ಹಾಲಿನ ಡೇರಿಯ ಕಾರ್ಯದರ್ಶಿ, ಎದ್ದು ನಿಂತು ಉತ್ತರಿಸಿದ. "ಚಿನ್ನ ಸಾ, ಚಿನ್ನ. ಎಲೆಅಡ್ಕೆನೂ ಆಕಾಕಿಲ್ಲ. ಕಣ್ ಮುಚ್ಕೊಂಡು ಮುಂದ್ಕೋಗಿ." ಹಾಗೆಯೇ ಬೀದಿಯ ಉಳಿದವರೂ. ಒಬ್ಬ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು ಹುಡುಗಿ ಏನು ಓದಿದ್ದಾಳೆ ಎಂದು ವಿಚಾರಿಸಿದ. ಕ್ರಿಮಿನಾಲಜಿ ಎಂದೆ. ಅದು ನರ್ಸಿಂಗ್ ತರಾನಾ ಎಂದ. ಹೆಚ್ಚುಕಡಿಮೆ ಎಂದೆ.

ಪಕ್ಕದ ಮನೆಯ ಪುಟ್ಟತಾಯಮ್ಮ ಮಾತ್ರ ಚಂದ್ರಕಲಾಳನ್ನು ನಲ್ಲಿಯ ಹತ್ತಿರ ತಡೆದು ತಗ್ಗಿದ ದನಿಯಲ್ಲಿ ಹೇಳಿದಳು. "ಬ್ಯಾಡ ಕಣವ್ವ. ಸಂಜೆ ಆದ್ರೆ ಕುಡೀತಾನೆ. ಅವ್ವನ ಮ್ಯಾಲೆ ಕೈ ಮಾಡ್ತಾನೆ. ನಾನೇಳ್ದೆ ಅಂತ ಏಳ್ಬ್ಯಾಡ." ಚಂದ್ರಕಲಾ ಇದನ್ನು ಬರೆದುಕೊಂಡು, ಹೆಚ್ಚಿನ ಮಾಹಿತಿ ಇದ್ದರೆ ತಿಳಿಸಿ ಎಂದು ತನ್ನ ಫೋನ್ ನಂಬರು ಕೊಟ್ಟು ಬಂದಳು.

ಮಾರನೆಯ ದಿನ ಆಫೀಸಿನಲ್ಲಿರುವಾಗ ಪುಟ್ಟತಾಯಮ್ಮನ ಫೋನು ಬಂತು. ಚಂದ್ರಕಲಾ ಸ್ಪೀಕರಿಗೆ ಹಾಕಿದಳು. ಹೆಚ್ಚಿನ ಮಾಹಿತಿ ಏನೆಂದರೆ, ಪುಟ್ಟತಾಯಮ್ಮನ ತಮ್ಮನ ಮಗ ಒಬ್ಬನಿದ್ದಾನೆ. ಲೈನ್‌ಮನ್ ಕೆಲಸ, ಬೋರ್‌ವೆಲ್ ಇರುವ ಜಮೀನು. ಹುಡುಗಿಗೂ ಹುಡುಗಿಯ ತಂದೆಗೂ ಒಪ್ಪಿಗೆಯಿದ್ದರೆ ಭಾನುವಾರ ಬಂದು ನೋಡಬಹುದು. ಹುಡುಗಿಯ ತಂದೆಯಾದ ನಾನು ಕೈಯಿರುವ ಕುರ್ಚಿಯ ಕೈ ಹಿಡಿದುಕೊಂಡೆ.

ಮಾದೇವಮ್ಮನಿಗೆ ಫೋನು ಮಾಡಿ ಕೇಳಿದೆ. ನಡೆದದ್ದು ಇಷ್ಟು. ಮಗ ಕಳವಿನ ಕೇಸಿನಲ್ಲಿ ಸಿಕ್ಕಿದ್ದು ಊರಿಗೆ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿತು, ಅದಕ್ಕೇ ಬಂದ ಎಂದು ಮಾದೇವಮ್ಮ ಹೇಳಿಕೊಂಡಿದ್ದಳು. ನಾವು ಬರುವ ಸುದ್ದಿ ತಿಳಿದಾಗ, ಹೆಣ್ಣಿನ ಕಡೆಯವರು ವಿಚಾರಿಸೋಕೆ ಬರ್ತಾರೆ ಎಂದು ಬೀದಿಗೆಲ್ಲ ಸಾರಿ, ಮಗನನ್ನು ತಂಗಿಯ ಊರಿಗೆ ಕಳಿಸಿದ್ದಳು. ಬೀದಿಯವರು ಗಂಡಿನ ಬಗ್ಗೆ ಆಡಬೇಕಾದ ಮಾತನ್ನು ಆಡಿದ್ದರು. ಪುಟ್ಟತಾಯಮ್ಮ ಸಂಬಂಧ ತಪ್ಪಿಸಲು ಆಡಬೇಕಾದ ಮಾತನ್ನು ಆಡಿದ್ದಳು. ನಮ್ಮ ಕೈಯಲ್ಲಿದ್ದ ಹೇಳಿಕೆಗಳಲ್ಲಿ ಒಂದೂ ಸಿದ್ದರಾಜುವಿಗೆ ಸಂಬಂಧಿಸಿದ್ದಲ್ಲ.

ಚಂದ್ರಕಲಾ ಅತ್ತಳು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು, ಅವಳ ಮುಖ್ಯ ಅಧ್ಯಾಯ ಈ ಬೀದಿಯ ಮೇಲೆ ನಿಂತಿತ್ತು. "ಎಂ.ಎ. ಬಿಟ್ಟುಬಿಡ್ತೀನಿ ಸಾರ್. ಮನುಷ್ಯರನ್ನ ಓದ್ತೀನಿ ಅಂತ ಬಂದೆ. ನಾನೇ ಹೆಣ್ಣು ಅಂತಾನೂ ನನಗೆ ಗೊತ್ತಾಗಲಿಲ್ಲ." ಅವಳ ಪ್ರಬಂಧ ಹೋದರೆ ಒಂದು ವರ್ಷ ಹೋಗುತ್ತದೆ, ವರದಿ ಹೋದರೆ ಹುಡುಗ ಜೈಲಿಗೆ ಹೋಗುತ್ತಾನೆ ಎಂದೆ. ಕಣ್ಣೊರೆಸಿಕೊಂಡಳು.

ಹೊಗಳಿಕೆಯನ್ನೆಲ್ಲ ಬರೆದು ಪುಟ್ಟತಾಯಮ್ಮನ ಮಾತನ್ನು ಬಿಡಬಹುದಿತ್ತು. ಅದು ಸುಳ್ಳು ವರದಿ. ಅವಳ ಮಾತನ್ನೂ ಸೇರಿಸಿದರೆ ಕುಡಿದು ತಾಯಿಯನ್ನು ಹೊಡೆಯುವವನಿಗೆ ಬಾಂಡ್ ಕೊಡಿ ಎಂದು ಯಾವ ಕೋರ್ಟಿಗೆ ಹೇಳುವುದು? ಮ್ಯಾಜಿಸ್ಟ್ರೇಟರಿಗೆ ಸಂಗತಿ ತಿಳಿಸಿ ಕಾಲಾವಕಾಶ ಕೇಳಿದೆ. ಮುಂದಿನ ಗುರುವಾರದವರೆಗೆ ಕೊಟ್ಟರು. ಅಂದು ವರದಿ ಇಲ್ಲದಿದ್ದರೆ ಶಿಕ್ಷೆ ಹೇಳುವುದಾಗಿಯೂ ಹೇಳಿದರು.

ಎರಡನೇ ಸಲ ಹೋದಾಗ ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದೆ. ಬಾಳೆಹಣ್ಣು ಕೊಳ್ಳಲಿಲ್ಲ. ಸಿದ್ದರಾಜು ಮನೆಯಲ್ಲಿದ್ದ. ಸಣ್ಣ ಮೈಯ, ಬೆರಳ ತುದಿಗಳಲ್ಲಿ ತಂತಿ ಎಳೆದ ಗೀರುಗಳಿದ್ದ ಹುಡುಗ. ತಾಯಿಯ ಕಟ್ಟುಕಥೆ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಬೀದಿಯವರಿಗೆ ನಿಜ ತಿಳಿಸಿ ಮತ್ತೆ ಕೇಳದೆ ವರದಿ ಬರೆಯಲಾರೆ ಎಂದೂ ಹೇಳಿದೆ.

ಮಾದೇವಮ್ಮ ನನ್ನ ಕಾಲು ಹಿಡಿಯಲು ಬಂದಳು. ಚಂದ್ರಕಲಾ ನಡುವೆ ಬಂದು ಅವಳ ಕೈ ಹಿಡಿದಳು. "ಬರ್ದಿದ್ದುನ್ನೇ ಕೊಟ್ಬುಡಿ ಸಾ. ನಿಮ್ ಮಗ್ಳು ತರ ಅವ್ಳೆ ಈ ಉಡ್ಗಿ, ಅವ್ಳ ಮಕ ನೋಡಿ ಕೊಟ್ಬುಡಿ. ಕಳ್ಳ ಅಂತ ಒಂದ್ಸಲ ಬೀದೀಲಿ ಬಿದ್ರೆ ಯಾರು ಸಾ ಎಣ್ ಕೊಟ್ಟಾರು? ಇವ್ನೊಬ್ಬ ಬುಟ್ರೆ ನಂಗ್ ಯಾರವ್ರೆ?"

ಚಂದ್ರಕಲಾ ನನ್ನ ಕಡೆ ತಿರುಗಿದಳು. ಅವಳ ಪುಸ್ತಕದಲ್ಲಿ ಲೇಬಲಿಂಗ್ ಥಿಯರಿ ಎಂಬುದೊಂದಿದೆ. ಒಬ್ಬನಿಗೆ ಸಮಾಜ ಅಪರಾಧಿ ಎಂಬ ಹಣೆಪಟ್ಟಿ ಅಂಟಿಸಿದರೆ ಅವನು ಕ್ರಮೇಣ ಅದೇ ಆಗುತ್ತಾನೆ ಎಂಬ ವಾದ. "ಸಾರ್, ಆ ಪಟ್ಟಿ ಅಂಟಿಸೋಕೆ ನಾವೇ ಗೋಂದು ತಗೊಂಡು ಬಂದ ಹಾಗಾಯ್ತಲ್ಲ" ಎಂದಳು. ನಾನು ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡುತ್ತ ಕೂತೆ.

ಸಿದ್ದರಾಜು ಎದ್ದ. ತಾಯಿ ಅವನ ಷರಟು ಹಿಡಿದಳು. ಬಿಡಿಸಿಕೊಂಡು ಹೊರಗೆ ಹೋಗಿ ಶಿವಣ್ಣನ ಜಗಲಿಯ ಮುಂದೆ ನಿಂತ. "ಶಿವಣ್ಣಾರೆ, ಇವ್ರು ಎಣ್ಣಿನೋರಲ್ಲ. ಕೋರ್ಟಿನೋರು. ನಾನು ನರಸೀಪುರದಲ್ಲಿ ಓನರ್ದು ತಂತಿ ಕದ್ದಿದ್ದೆ. ನಾನ್ ಎಂಗೆ ಅಂತ ಕೇಳೋಕ್ ಬಂದವ್ರೆ. ಇರೋದ್ ಇರಂಗೆ ಏಳ್ಬುಡಿ."

ನಲ್ಲಿಯ ಹತ್ತಿರವಿದ್ದ ಹೆಂಗಸರು ಕೊಡ ಹಿಡಿದು ನಿಂತರು, ತುಂಬಿದ್ದನ್ನು ಯಾರೂ ಎತ್ತಲಿಲ್ಲ. ಚಂದ್ರಕಲಾ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಕೇಳಿದಳು. ಶಿವಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡ. "ನಂಗೇನ್ ಗೊತ್ತು ಸಾ. ಡೇರಿ ಆಯ್ತು, ನಾನಾಯ್ತು." ಚಿನ್ನದ ದರ ಅಷ್ಟು ಬೇಗ ಇಳಿದದ್ದನ್ನು ನಾನು ಕಂಡಿರಲಿಲ್ಲ. ಅಜ್ಜನಿಗೆ ಕಿವಿ ಕೇಳಿಸದಾಯಿತು. ಉಳಿದವರಿಗೆ ಹೊಲದಲ್ಲಿ ಕೆಲಸವಿತ್ತು. ಕೋರ್ಟು ಎಂಬ ಮಾತಿನ ಮುಂದೆ ಬೀದಿ ಖಾಲಿಯಾಯಿತು. ಸಿದ್ದರಾಜು ನಿಂತೇ ಇದ್ದ. ಮಾದೇವಮ್ಮ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನನ್ನ ಸೇವೆಯಲ್ಲಿ ಖಾಲಿ ಪುಟ ತೆಗೆದುಕೊಂಡು ಕೋರ್ಟಿಗೆ ಹೋಗುವ ದಿನ ಬಂತು ಎಂದುಕೊಂಡೆ.

ಆಗ ಪುಟ್ಟತಾಯಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನವ್ವ, ಅವತ್ತು ನಾನ್ ಏಳಿದ್ದು ಬರ್ಕೊಂಡಿದ್ದೀಯಾ?"

ಬರೆದುಕೊಂಡಿದ್ದೇನೆ ಎಂದಳು ಚಂದ್ರಕಲಾ.

"ಒಡೆದಾಕು. ಸಂಬಂಧ ತಪ್ಸೋಕ್ ಅಂದಿದ್ದು ಅದು, ಜೈಲಿಗ್ ಕಳ್ಸೋಕಲ್ಲ. ಅವ್ನು ಕುಡಿಯಾಕಿಲ್ಲ. ಅವ್ವುನ್ ಮ್ಯಾಲೆ ಕೈ ಮಾಡೋದಿರ್ಲಿ, ಅವ್ಳು ಬೈದ್ರೆ ನಮ್ ಮನೆಗ್ ಬಂದು ಉಣ್ತಾನೆ. ಕದ್ದಿದ್ದು ನಂಗೊತ್ತಿಲ್ಲ, ಅವ್ನೇ ಏಳ್ದ ಮ್ಯಾಲೆ ದಿಟ. ಕೋರ್ಟಿಗೆ ಬಂದು ಏಳ್ಬೇಕಾ? ಬತ್ತೀನಿ. ಜಾಮೀನಿಗೂ ಬತ್ತೀನಿ."

ಚಂದ್ರಕಲಾ ಹಳೆಯ ಮಾತನ್ನು ಹೊಡೆದುಹಾಕಲಿಲ್ಲ. ಎರಡನ್ನೂ, ನಡುವೆ ನಡೆದದ್ದನ್ನೂ ಬರೆದಳು. ನಾನು ಸಹಿ ಮಾಡಿದೆ. ನನ್ನ ವರದಿಗಳಲ್ಲಿ ಇಷ್ಟು ಬಡಕಲು ವರದಿ ಬೇರೆ ಇರಲಿಲ್ಲ. ಒಬ್ಬಳೇ ಸಾಕ್ಷಿ, ಅವಳೂ ಹಿಂದೆ ಸುಳ್ಳು ಹೇಳಿದ್ದೇನೆ ಎಂದು ತಾನೇ ಒಪ್ಪಿಕೊಂಡವಳು.

ಗುರುವಾರ ಸರ್ಕಾರಿ ವಕೀಲರು ಅದನ್ನೇ ಹಿಡಿದರು. ಈ ಹೆಂಗಸಿನ ಮಾತಿಗೆ ಬೆಲೆಯೇನು ಎಂದರು. ಸಿದ್ದರಾಜು ಕಟಕಟೆಯ ಸರಳನ್ನು ಹಿಡಿದು ನೆಲ ನೋಡುತ್ತಿದ್ದ. ಮಾದೇವಮ್ಮ ಬಂದಿರಲಿಲ್ಲ. ಮ್ಯಾಜಿಸ್ಟ್ರೇಟರು ಪುಟ್ಟತಾಯಮ್ಮನನ್ನು ಮುಂದೆ ಕರೆದು, ಯಾಕಮ್ಮ ಸುಳ್ಳು ಹೇಳಿದಿರಿ ಎಂದು ಕೇಳಿದರು.

"ಎಣ್ ಕೊಡೋರು ಕೇಳುದ್ರು ಅಂತ ಅಂದೆ ಸಾ. ಅಂಗ್ ಕೇಳ್ದಾಗ ನಿಮ್ ಕಡೆ ನಿಜ ಏಳ್ತಾರಾ?"

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಫೈಲಿನಲ್ಲಿ ಏನನ್ನೋ ಹುಡುಕಿದರು. ಅವರ ಮಗಳಿಗೂ ಗಂಡು ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು. ಅದಕ್ಕೂ ಆದೇಶಕ್ಕೂ ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ಮಧ್ಯಾಹ್ನದ ಮೇಲೆ ಆದೇಶ ಬಂತು. ಒಂದು ವರ್ಷದ ಪ್ರೊಬೇಷನ್, ಪುಟ್ಟತಾಯಮ್ಮನ ಜಾಮೀನು, ತಿಂಗಳಿಗೊಮ್ಮೆ ನನ್ನೆದುರು ಹಾಜರಿ.

ಚಂದ್ರಕಲಾ ಬಿದ್ದುಹೋದ ಅಧ್ಯಾಯದ ಜಾಗದಲ್ಲಿ ಎರಡು ದಿನದ ಕಥೆಯನ್ನು ಹಾಗೆಯೇ ಬರೆದಳು. ಒಂದೇ ಬೀದಿಯ ಮೇಲೆ ತೀರ್ಮಾನ ಮಾಡಬಾರದು ಎಂದು ಅವಳ ಪ್ರಬಂಧದ ಗೈಡ್ ಅಂಚಿನಲ್ಲಿ ಗೀಚಿದರು. ಪಾಸಾದಳು. ನಾನು ಕಲಿತದ್ದು ಅದಕ್ಕಿಂತ ಕಡಿಮೆ. ಒಬ್ಬನ ನಡತೆ ಹೇಗೆ ಎಂದು ಕೇಳುವ ಮೊದಲು, ಯಾತಕ್ಕೆ ಕೇಳುತ್ತಿದ್ದೇನೆಂದು ಕೇಳಿಸಿಕೊಳ್ಳುವವನಿಗೆ ಗೊತ್ತಿರಬೇಕು. ಗೊತ್ತಾದ ಮೇಲೆ ಬಹಳ ಜನ ಉತ್ತರ ಹೇಳುವುದಿಲ್ಲ. ಹಾಗೆ ಹೇಳದೆ ಹೋದವರನ್ನೂ ವರದಿಯಲ್ಲಿ ಬರೆಯಬೇಕು. ಉಳಿದ ಎರಡು ವರ್ಷ ಹಾಗೆಯೇ ಬರೆದೆ. ಪಂಚೆ ಉಟ್ಟು ವಿಚಾರಣೆಗೆ ಹೋಗಲಿಲ್ಲ.

ಸಿದ್ದರಾಜು ತಿಂಗಳು ತಪ್ಪದೆ ಹಾಜರಾದ. ಈಗ ನಂಜನಗೂಡಿನಲ್ಲಿ ಬೇರೊಂದು ಅಂಗಡಿಯಲ್ಲಿ ಮೋಟಾರು ಸುತ್ತುತ್ತಾನೆ, ಮಾಲೀಕನಿಗೆ ಎಲ್ಲವೂ ಗೊತ್ತು. ಹೆಣ್ಣಿನ ಕಡೆಯವರು ಎರಡು ಸಲ ಊರಿಗೆ ಬಂದು ವಿಚಾರಿಸಿ ಹೋದರು. ಮದುವೆ ಆಗಿಲ್ಲ.