ಹೊತ್ತು ಮುಳುಗಿದ ಮೇಲೆ ಬಂದ ಕವಳೆ ಹಣ್ಣು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಿಮಗಿಂತ ದೊಡ್ಡ ಹೊಟ್ಟೆಬಾಕಿ. ಆ ಹೊಟ್ಟೆಬಾಕತನ ಒಂದು ಸಂಜೆ ಮಾಡಿದ ಅನಾಹುತವನ್ನು ಹೇಳುತ್ತೇನೆ, ನಗಬೇಡಿ.

ರಿಪ್ಪನ್‌ಪೇಟೆಯಿಂದ ಎರಡು ಹರದಾರಿ ದೂರ ನಮ್ಮೂರು. ಆ ಬೇಸಿಗೆಯಲ್ಲಿ ಅಕ್ಕನಿಗೆ ಚಳಿಜ್ವರ ಬಂದು, ಐದು ದಿನ ಗಂಜಿನೀರು ಬಿಟ್ಟರೆ ಗಂಟಲಲ್ಲಿ ಏನೂ ಇಳಿದಿರಲಿಲ್ಲ. ಕೈ ಹಿಡಿದರೆ ಬರೀ ಮೂಳೆ. "ಇವತ್ತು ಜ್ವರ ಬಿಟ್ಟಿದೆ. ಮತ್ತೆ ಬರೋದ್ರೊಳಗೆ ಹೊಟ್ಟೆಗೆ ಏನಾದ್ರೂ ಬೀಳ್ಬೇಕು," ಎಂದು ಮದ್ದು ಕೊಡುತ್ತಿದ್ದ ಪಂಡಿತರು ಅಪ್ಪನಿಗೆ ಹೇಳಿ ಹೋದರು. ಮಧ್ಯಾಹ್ನ ಅಕ್ಕನೇ ಬಾಯಿಬಿಟ್ಟು, "ಮೊಸರವಲಕ್ಕಿಗೆ ಕವಳೆ ಹಣ್ಣು ಕಿವುಚಿ ಕೊಟ್ರೆ ತಿಂತೀನಿ," ಎಂದಳು. ಅಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

"ಗುಡ್ಡಕ್ಕೆ ಓಡು. ಹೊತ್ತು ಮುಳುಗೋದ್ರೊಳಗೆ ಬಾ, ಗೊತ್ತಾಯ್ತಾ?" ಎಂದು ನನ್ನನ್ನು ಅಟ್ಟಿದಳು. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ.

ಗುಡ್ಡದ ಮುಳ್ಳುಪೊದೆಗಳ ತುಂಬ ಕಪ್ಪಗೆ ಮಾಗಿದ ಕವಳೆ ಹಣ್ಣು. ಬಿಸಿಲಿಗೆ ಬೆಚ್ಚಗಾದ ಹುಳಿಸಿಹಿ ರಸ, ತುಟಿಗೆ ಅಂಟುವ ಹಾಲು. ದೊನ್ನೆ ತುಂಬಿತು. ಒಂದು ತಿಂದೆ, ಇನ್ನೊಂದು ತಿಂದೆ. ಅಯ್ಯೋ, ನೋಡನೋಡುತ್ತ ದೊನ್ನೆಯ ತಳ ಕಂಡಿತು! ಹೆದರಿ ಮತ್ತೆ ಕೊಯ್ಯತೊಡಗಿದೆ. ಕೈಗೆಟುಕುವವು ಮುಗಿದಿದ್ದವು, ಪೊದೆಯೊಳಗೆ ನುಗ್ಗಿ ಮೈಯೆಲ್ಲ ಗೀರಿಸಿಕೊಂಡೆ.

ಓಡೋಡಿ ಬಂದಾಗ ಹೊತ್ತು ಮುಳುಗಿತ್ತು. ಅಮ್ಮ ಬಟ್ಟಲಲ್ಲಿ ಅವಲಕ್ಕಿ ನೆನೆಸಿ, ಅಂದೇ ಹೆಪ್ಪಾದ ಮೊಸರು ಕಲಸಿ ಕಾದಿದ್ದಳು. ನನ್ನನ್ನು ಬಯ್ಯಲಿಲ್ಲ. ಹಣ್ಣು ತೊಳೆದು ಕಿವುಚಿದಳು, ಮೊಸರು ತಿಳಿಗೆಂಪಾಯಿತು. "ತಿನ್ನೇ ಮಗಾ, ಒಂದೇ ತುತ್ತು. ಪಾಪ ಬಂದ್ರೆ ನಂಗೆ ಬರ್ಲಿ," ಎಂದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನೂ ಬೇಡವೆನ್ನಲಿಲ್ಲ. ಅಕ್ಕ ಬಟ್ಟಲನ್ನೇ ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಹೊತ್ತು ಮುಳುಗ್ತಲ್ಲಮ್ಮ. ಬೆಳಿಗ್ಗೆ ತಿಂತೀನಿ," ಎಂದಳು.

ಬೆಳಿಗ್ಗೆ ಜ್ವರ ಮತ್ತೆ ಏರಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವಳ ಬಾಯಿಗೆ ನೀರು ಹಾಕುವುದೂ ಕಷ್ಟವಾಯಿತು. ಅಕ್ಕ ಸತ್ತರೆ ನಾನೇ ಕೊಂದ ಹಾಗೆ ಎಂದು ಕೊಟ್ಟಿಗೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಪುಣ್ಯಕ್ಕೆ ಅಕ್ಕ ಬದುಕಿದಳು. ಆದರೆ ಅವಳು ಎದ್ದು ಕೂರುವ ಹೊತ್ತಿಗೆ ಮಳೆ ಹಿಡಿದು ಗುಡ್ಡದ ಹಣ್ಣೆಲ್ಲ ಉದುರಿಹೋಗಿತ್ತು.

ನೀವೀಗ ರಾತ್ರಿ ಹತ್ತಕ್ಕೂ ಫ್ರಿಜ್ ತೆಗೆದು, ಡಬ್ಬಿ ಮೊಸರಿಗೆ ಸ್ಟ್ರಾಬೆರಿ ಹಾಕಿಕೊಂಡು ತಿನ್ನುತ್ತೀರಿ. ತಿನ್ನಿ ಮಕ್ಕಳೇ, ನನ್ನದೇನೂ ತಕರಾರಿಲ್ಲ. ಅಕ್ಕ ಆಮೇಲೆ ಎಷ್ಟೋ ವರ್ಷ ನಮ್ಮ ಜೊತೆಗಿದ್ದಳು. "ಅವತ್ತು ಯಾಕೆ ತಡ ಮಾಡ್ದೆ?" ಎಂದು ಒಂದು ದಿನವೂ ಕೇಳಲಿಲ್ಲ. ನನಗೂ ಹೇಳುವ ಧೈರ್ಯ ಬರಲಿಲ್ಲ. ಇವತ್ತು ನಿಮ್ಮೆದುರು ಹೇಳಿದ್ದೇನೆ. ಕೇಳಿಸಿಕೊಳ್ಳಬೇಕಾದವಳು ಈಗಿಲ್ಲ.